ಒಂದೇ ಕ್ಲಸ್ಟರ್, ಮೂರು ಸರ್ಕಾರಿ ಶಾಲೆ: ಮಗಳನ್ನು ಎಲ್ಲಿಗೆ ಸೇರಿಸಲಿ?

ಪ್ರಶ್ನೆ: ಮೇಡಂ, ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಹಳ್ಳಿ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿದ್ದೆವು. ಈಗ ಊರಿಗೆ ಮರಳಿ ರಾಗಿ, ಸ್ವಲ್ಪ ಅಡಿಕೆ, ಎರಡು ಹಸು ಎಂದು ನೆಲೆಯಾಗಿದ್ದೇವೆ. ಮಗಳಿಗೆ ಮೇ ತಿಂಗಳಲ್ಲಿ ಆರು ವರ್ಷ ತುಂಬುತ್ತದೆ. ಖಾಸಗಿ ಶಾಲೆಗೆ ಕಳಿಸುವ ಶಕ್ತಿ ಇಲ್ಲ, ಸರ್ಕಾರಿ ಶಾಲೆಗೇ ಸೇರಿಸಬೇಕು. ನಮ್ಮ ಮುಂದೆ ಮೂರು ಶಾಲೆಗಳಿವೆ. ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಐದನೇ ತರಗತಿಯವರೆಗೆ 19 ಮಕ್ಕಳು, ಇಬ್ಬರು ಶಿಕ್ಷಕರು. ಎರಡು ಕಿಲೋಮೀಟರ್ ದೂರದ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಯವರೆಗೆ 104 ಮಕ್ಕಳು, ನಾಲ್ವರು ಶಿಕ್ಷಕರು. ಅಲ್ಲಿ ಗೋಡೆಗೆಲ್ಲ ರೈಲಿನ ಬೋಗಿಯಂತೆ ಬಣ್ಣ ಬಳಿದಿದ್ದಾರೆ, ಸ್ಮಾರ್ಟ್ ಟಿವಿ ಇದೆ, ತಾಲ್ಲೂಕು ಮಟ್ಟದ ಪ್ರಶಸ್ತಿಯೂ ಬಂದಿದೆ. ಏಳು ಕಿಲೋಮೀಟರ್ ದೂರದ ಹೋಬಳಿ ಕೇಂದ್ರದಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ (ಕೆಪಿಎಸ್) ಇದೆ. ಅಲ್ಲಿ ಇಂಗ್ಲಿಷ್ ಮಾಧ್ಯಮವಿದೆ, ಎಸ್ಸೆಸ್ಸೆಲ್ಸಿ ಫಲಿತಾಂಶವೂ ಚೆನ್ನಾಗಿದೆಯಂತೆ. ನಮ್ಮ ಯಜಮಾನರು ಕೆಪಿಎಸ್‌ಗೇ ಹಾಕೋಣ ಎನ್ನುತ್ತಾರೆ. ಅತ್ತೆ, ಮಗು ಕಣ್ಣೆದುರು ಇರಲಿ ಎನ್ನುತ್ತಾರೆ. ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ನಲಿಕಲಿಯಲ್ಲಿ ಬರೀ ಆಟ, ಪಾಠವಿಲ್ಲ ಎಂದು ಊರಿನವರು ಹೇಳುತ್ತಾರೆ. ಮುಂದಿನ ವರ್ಷ ನಮ್ಮೂರ ಶಾಲೆ ಮುಚ್ಚುತ್ತದೆ ಎಂಬ ಮಾತೂ ಇದೆ. ಇದನ್ನೆಲ್ಲ ಶಾಲೆಗೆ ಹೋಗಿ ವಿಚಾರಿಸಿದರೆ ಶಿಕ್ಷಕರು ಬೇಸರಪಟ್ಟುಕೊಂಡು ಮಗುವಿನ ಮೇಲೆ ತೀರಿಸಿಕೊಂಡಾರೇ ಎಂಬ ಅಳುಕು ಬೇರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಯಾವ ಶಾಲೆಯಲ್ಲಿ ಮಗು ಚೆನ್ನಾಗಿ ಕಲಿಯುತ್ತದೆ ಎಂಬುದು ಒಂದು. ಇಂಗ್ಲಿಷ್ ಮಾಧ್ಯಮ ಬೇಕೇ ಎಂಬುದು ಇನ್ನೊಂದು. ಸೇರಿಸಿದ ಶಾಲೆಯೇ ನಾಳೆ ಇಲ್ಲವಾದರೆ ಎಂಬ ಹೆದರಿಕೆ ಮೂರನೆಯದು. ಮನೆಯಲ್ಲಿ ಇವನ್ನು ಒಟ್ಟಿಗೆ ಇಟ್ಟುಕೊಂಡು ಮಾತನಾಡುವುದರಿಂದಲೇ ಮಾತು ಮುಗಿಯುತ್ತಿಲ್ಲ. ಯಜಮಾನರು ಇಂಗ್ಲಿಷ್ ಬಗ್ಗೆ ಹೇಳುತ್ತಿದ್ದಾರೆ, ಅತ್ತೆ ದೂರದ ಬಗ್ಗೆ ಹೇಳುತ್ತಿದ್ದಾರೆ. ಕಲಿಕೆಯ ಬಗ್ಗೆ ಇನ್ನೂ ಯಾರೂ ಮಾತೆತ್ತಿಲ್ಲ.

ನಾನು ಶಿಕ್ಷಕಿಯಾಗಿ, ಮುಂದೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿ ಕೆಲಸ ಮಾಡಿದವಳು. ಸಿಆರ್‌ಪಿ ಎಂದರೆ ಕ್ಲಸ್ಟರ್ ಎಂದು ಒಂದು ಗುಂಪು ಮಾಡಿದ ಅಕ್ಕಪಕ್ಕದ ಹತ್ತಾರು ಶಾಲೆಗಳನ್ನು ಸುತ್ತುತ್ತಿರಬೇಕಾದ ಕೆಲಸ. ಬೆಳಿಗ್ಗೆ ಒಂದು ಶಾಲೆಯ ಮೂರನೇ ತರಗತಿಯನ್ನೂ ಮಧ್ಯಾಹ್ನ ಪಕ್ಕದೂರಿನ ಮೂರನೇ ತರಗತಿಯನ್ನೂ ನೋಡುವ ಅವಕಾಶ ನಮ್ಮ ಇಲಾಖೆಯಲ್ಲಿ ಬೇರೆ ಹೆಚ್ಚು ಜನರಿಗೆ ಸಿಗುವುದಿಲ್ಲ. ಹಾಗೆ ನೋಡಿ ನನಗೆ ಮನದಟ್ಟಾದದ್ದು ಇಷ್ಟು: ಒಂದೇ ಕ್ಲಸ್ಟರಿನಲ್ಲಿ ಶಾಲೆ ಶಾಲೆಗಳ ನಡುವಿನ ವ್ಯತ್ಯಾಸಕ್ಕಿಂತ ಕೊಠಡಿ ಕೊಠಡಿಗಳ ನಡುವಿನ ವ್ಯತ್ಯಾಸ ದೊಡ್ಡದು. ನೀವು ಹೋಲಿಸಬೇಕಾದದ್ದು ಮೂರು ಶಾಲೆಗಳನ್ನಲ್ಲ, ನಿಮ್ಮ ಮಗಳು ಮುಂದಿನ ಮೂರು ವರ್ಷ ಕೂರುವ ಆ ಒಂದು ಕೊಠಡಿಯನ್ನು.

ಮೊದಲು, ಯಾವುದರಲ್ಲಿ ವ್ಯತ್ಯಾಸವಿಲ್ಲ ಎಂಬುದನ್ನು ಬದಿಗಿಟ್ಟುಬಿಡೋಣ. ಕನ್ನಡ ಮಾಧ್ಯಮದ ಮಟ್ಟಿಗೆ ಮೂರೂ ಕಡೆ ಪಠ್ಯಪುಸ್ತಕ ಒಂದೇ. ಸಮವಸ್ತ್ರ, ಹಾಲು, ಬಿಸಿಯೂಟ, ಮೊಟ್ಟೆ ಎಲ್ಲ ಕಡೆಯೂ ಇವೆ. ಶಿಕ್ಷಕರ ನೇಮಕಾತಿ, ವೇತನ ಶ್ರೇಣಿ, ತರಬೇತಿ ಎಲ್ಲವೂ ಒಂದೇ ಇಲಾಖೆಯದು. ಇಂಗ್ಲಿಷ್ ಒಂದು ವಿಷಯವಾಗಿ 2007-08ರಿಂದಲೇ ಒಂದನೇ ತರಗತಿಯಿಂದ ಎಲ್ಲ ಸರ್ಕಾರಿ ಶಾಲೆಗಳಲ್ಲೂ ಇದೆ. ಹಳ್ಳಿ ಶಾಲೆಯಲ್ಲಿ ಎ ಬಿ ಸಿ ಡಿಯನ್ನೇ ಹೇಳಿಕೊಡುವುದಿಲ್ಲ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು, ಅದು ಹಳೆಯ ಕಾಲದ್ದು.

ಕಣ್ಣಿಗೆ ಕಾಣುವ ವ್ಯತ್ಯಾಸ ಬಹುಮಟ್ಟಿಗೆ ಹಣದ್ದು, ಆ ಹಣವೂ ಮಕ್ಕಳ ಸಂಖ್ಯೆಯ ಬೆನ್ನು ಹತ್ತಿ ಹೋಗುತ್ತದೆ. ಸಮಗ್ರ ಶಿಕ್ಷಾ ಯೋಜನೆಯ ಶಾಲಾ ಅನುದಾನದ ಲೆಕ್ಕ ಹೀಗಿದೆ: 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಸೀಮೆಸುಣ್ಣ, ಕರೆಂಟ್ ಬಿಲ್, ಸಣ್ಣಪುಟ್ಟ ರಿಪೇರಿ ಎಲ್ಲವೂ ಇದರಲ್ಲೇ ನಡೆಯಬೇಕು. ಹಾಗಾಗಿ ನಿಮ್ಮೂರ ಶಾಲೆಯ ಗೋಡೆ ಮಾಸಿದ್ದರೆ ಅದಕ್ಕೆ ಶಿಕ್ಷಕರ ಸೋಮಾರಿತನವೇ ಕಾರಣ ಎಂದುಕೊಳ್ಳಬೇಡಿ. ಪಕ್ಕದೂರಿನ ರೈಲುಬೋಗಿಯ ಬಣ್ಣ ಸಾಮಾನ್ಯವಾಗಿ ದಾನಿಗಳು, ಹಳೆಯ ವಿದ್ಯಾರ್ಥಿಗಳು ಅಥವಾ ಪಂಚಾಯಿತಿಯ ಕೊಡುಗೆಯಾಗಿರುತ್ತದೆ. ಮುಖ್ಯೋಪಾಧ್ಯಾಯರು ಓಡಾಡುವವರು, ಊರಿನವರು ಕೈಜೋಡಿಸುವವರು ಎಂಬುದಕ್ಕೆ ಆ ಬಣ್ಣ ಸಾಕ್ಷಿ, ಮತ್ತು ಅದು ಸಣ್ಣ ಸಂಗತಿಯೇನಲ್ಲ. ಆದರೆ ಬೋಗಿಯೊಳಗೆ ಕುಳಿತ ಮಗು ಓದುತ್ತದೆಯೇ ಎಂಬುದು ಬಣ್ಣದಿಂದ ತಿಳಿಯುವುದಿಲ್ಲ. ಸ್ಮಾರ್ಟ್ ಟಿವಿಯ ಬಗ್ಗೆ ಇಷ್ಟೇ ಹೇಳುತ್ತೇನೆ: ಅದರ ಮೇಲೆ ಹೊದಿಸಿದ ಬಟ್ಟೆಯಲ್ಲಿ ಎಷ್ಟು ದೂಳು ಇದೆ ನೋಡಿ.

ಕೆಪಿಎಸ್‌ನ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೂ ನಿಮ್ಮ ಮಗಳ ಒಂದನೇ ತರಗತಿಗೂ ಸಂಬಂಧ ತೀರಾ ತೆಳು. 2018-19ರಿಂದ ಆರಂಭವಾದ ಈ ಶಾಲೆಗಳು ಬಹುಪಾಲು ಮೊದಲೇ ಇದ್ದ ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಪದವಿಪೂರ್ವ ಕಾಲೇಜುಗಳನ್ನು ಒಂದೇ ಸೂರಿನಡಿ ತಂದು ರೂಪಿಸಿದವು. ಹತ್ತನೇ ತರಗತಿಗೆ ಪಾಠ ಮಾಡುವವರೇ ಬೇರೆ, ಒಂದನೇ ತರಗತಿಗೆ ಪಾಠ ಮಾಡುವವರೇ ಬೇರೆ. ಅಲ್ಲಿ ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದ ಮಕ್ಕಳಲ್ಲಿ ಎಷ್ಟೋ ಮಂದಿ ನಿಮ್ಮೂರಿನಂಥ ಹಳ್ಳಿ ಶಾಲೆಗಳಲ್ಲಿ ಅಕ್ಷರ ಕಲಿತು ಎಂಟನೆಯ ತರಗತಿಗೆ ಅಲ್ಲಿಗೆ ಹೋದವರು.

ಹಾಗಾದರೆ ಪ್ರಾಥಮಿಕ ಶಾಲೆಗೆ ಅಂಕಪಟ್ಟಿ ಎಲ್ಲಿದೆ ಎಂದು ಕೇಳುತ್ತೀರಿ. ಒಂದೊಂದು ಶಾಲೆಯ ಕಲಿಕೆಯನ್ನು ಪಕ್ಕಪಕ್ಕ ಇಟ್ಟು ತೋರಿಸುವಂಥ, ಪೋಷಕರು ನೆಚ್ಚಿಕೊಳ್ಳಬಹುದಾದ ಅಂಕಪಟ್ಟಿ ಇಲ್ಲ. ಅಸರ್‌ನಂಥ ಸಮೀಕ್ಷೆಗಳು ಮನೆಮನೆಗೆ ಹೋಗಿ ಜಿಲ್ಲೆಯ, ರಾಜ್ಯದ ಮಟ್ಟ ಅಳೆಯುತ್ತವೆ, ನಿಮ್ಮೂರ ಶಾಲೆಯದ್ದಲ್ಲ. ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನಗಳ ಅಂಕವನ್ನು ಆಯಾ ಶಿಕ್ಷಕರೇ ಕೊಡುತ್ತಾರೆ. ಒಬ್ಬರ ಎ ಪ್ಲಸ್ ಇನ್ನೊಬ್ಬರ ಬಿ ಇರಬಹುದು. ಯು-ಡೈಸ್ ಜಾಲತಾಣದಲ್ಲಿ ಪ್ರತಿ ಶಾಲೆಗೂ 11 ಅಂಕಿಗಳ ಸಂಕೇತ ಸಂಖ್ಯೆ ಇದೆ. ಮೊಬೈಲಿನಲ್ಲೇ ತೆಗೆದು ಮಕ್ಕಳೆಷ್ಟು, ಶಿಕ್ಷಕರೆಷ್ಟು, ಕೊಠಡಿ, ಶೌಚಾಲಯ ಎಷ್ಟು ಎಂದು ನೋಡಬಹುದು. ನೋಡಿ, ಒಳ್ಳೆಯದೇ. ಆದರೆ ಆ ವಿವರ ತುಂಬಿದವರು ಶಾಲೆಯವರೇ, ಮತ್ತು ಶೌಚಾಲಯ ಇದೆ ಎಂಬ ಉತ್ತರದಲ್ಲಿ ಅದಕ್ಕೆ ನೀರಿದೆಯೇ, ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಸಿಗುವುದಿಲ್ಲ.

ಶೇಕಡಾವಾರಿನ ಮಾತು ಬಂದರೆ ಇನ್ನೂ ಎಚ್ಚರ ಬೇಕು. ನಿಮ್ಮೂರಿನಲ್ಲಿ ಮೂರನೇ ತರಗತಿಯಲ್ಲಿ ನಾಲ್ಕು ಮಕ್ಕಳಿದ್ದಾರೆ ಎಂದುಕೊಳ್ಳಿ. ಒಂದು ಮಗು ಕುರಿ ಹಿಂಡಿನೊಂದಿಗೆ ಅಪ್ಪ ಅಮ್ಮನ ಜೊತೆ ವರ್ಷದಲ್ಲಿ ನಾಲ್ಕು ತಿಂಗಳು ಊರು ಬಿಟ್ಟರೆ ಶಾಲೆಯ ಸಾಧನೆ ನೂರರಿಂದ ಎಪ್ಪತ್ತೈದಕ್ಕೆ ಇಳಿಯುತ್ತದೆ. ಮರುವರ್ಷ ಆ ಮಗು ಮುಂದಿನ ತರಗತಿಗೆ ಹೋದರೆ ಮತ್ತೆ ನೂರು. ಶಿಕ್ಷಕಿಯೂ ಅವರೇ, ಪಾಠವೂ ಅದೇ. ಸಣ್ಣ ಶಾಲೆಯ ಅಂಕಿಯನ್ನು ನೋಡಿ ಹೊಗಳುವುದೂ ತೆಗಳುವುದೂ ಎರಡೂ ಅವಸರದ ಕೆಲಸ.

ವ್ಯತ್ಯಾಸ ಹುಟ್ಟುವುದು ಎಲ್ಲಿ?

ಬಸ್ಸಿನ ದಾರಿಯಲ್ಲಿ. ನಗೆ ಬರಬಹುದು, ಆದರೆ ಇದು ನಿಜ. ಶಿಕ್ಷಕರಲ್ಲಿ ಬಹುಪಾಲು ಜನ ತಾಲ್ಲೂಕು ಕೇಂದ್ರದಲ್ಲೋ ಜಿಲ್ಲಾ ಕೇಂದ್ರದಲ್ಲೋ ಮನೆ ಮಾಡಿಕೊಂಡಿರುತ್ತಾರೆ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಮುಖ್ಯ ರಸ್ತೆಯ ಶಾಲೆಗಳು ಮೊದಲು ತುಂಬುತ್ತವೆ, ಒಳಗಿನ ಹಳ್ಳಿಯವು ಕೊನೆಗೆ. ಒಳಗಿನ ಹಳ್ಳಿಗೆ ಬಂದವರು ಹೊಸಬರಾಗಿರುತ್ತಾರೆ, ಅಥವಾ ಬೇರೆಲ್ಲೂ ಜಾಗ ಸಿಗದವರಾಗಿರುತ್ತಾರೆ, ಅಥವಾ ಆ ಊರಿನ ಮೇಲೆ ನಿಜವಾದ ಅಕ್ಕರೆ ಇರುವವರಾಗಿರುತ್ತಾರೆ. ಈ ಮೂರನೆಯ ಬಗೆಯವರು ಸಿಕ್ಕರೆ ಆ ಊರಿನ ಮಕ್ಕಳ ಪುಣ್ಯ. ಅಂಥವರನ್ನು ನಾನು ಕಂಡಿದ್ದೇನೆ, ಮತ್ತು ಅವರ ಶಾಲೆಗಳಿಗೆ ಪ್ರಶಸ್ತಿ ಬಂದದ್ದನ್ನು ಅಷ್ಟಾಗಿ ಕಂಡಿಲ್ಲ. ಪ್ರಶಸ್ತಿಗೆ ಅರ್ಜಿ ಹಾಕಬೇಕು, ಕಡತ ಕಟ್ಟಬೇಕು, ಫೋಟೊ ಅಂಟಿಸಬೇಕು. ಅದಕ್ಕೆಲ್ಲ ಸಮಯ ಬೇಕಲ್ಲ.

ಎರಡನೆಯ ಕಾರಣ, ಕಾಗದದ ಮೇಲಿನ ಶಿಕ್ಷಕರಿಗೂ ಕೊಠಡಿಯಲ್ಲಿರುವ ಶಿಕ್ಷಕರಿಗೂ ಇರುವ ಅಂತರ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಇರಬೇಕು. 19 ಮಕ್ಕಳಿಗೆ ಇಬ್ಬರು ಎಂದರೆ ಲೆಕ್ಕದಲ್ಲಿ ನಿಮ್ಮೂರ ಶಾಲೆ ಮೂರರಲ್ಲೇ ಶ್ರೀಮಂತ. ಆದರೆ ಆ ಇಬ್ಬರಲ್ಲಿ ಒಬ್ಬರು ಪ್ರಭಾರ ಮುಖ್ಯ ಶಿಕ್ಷಕರು. ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ, ಮಕ್ಕಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವುದು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯ ಸಭೆ, ಆಧಾರ್ ತಿದ್ದುಪಡಿ ಎಲ್ಲ ಅವರ ತಲೆಯ ಮೇಲೆ. 19 ಮಕ್ಕಳ ಶಾಲೆಗೂ 300 ಮಕ್ಕಳ ಶಾಲೆಗೂ ನಮೂನೆಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ದೊಡ್ಡ ಶಾಲೆಯಲ್ಲಿ ಒಬ್ಬರು ಸಭೆಗೆ ಹೋದರೆ ಹತ್ತರಲ್ಲಿ ಒಬ್ಬರು ಇಲ್ಲ. ನಿಮ್ಮೂರಿನಲ್ಲಿ ಒಬ್ಬರು ಹೋದರೆ ಅರ್ಧ ಶಾಲೆಯೇ ಇಲ್ಲ, ಉಳಿದೊಬ್ಬರು ಐದು ತರಗತಿಗಳನ್ನು ನೋಡಿಕೊಳ್ಳಬೇಕು. ಸಣ್ಣ ಶಾಲೆಯ ನಿಜವಾದ ದೌರ್ಬಲ್ಯ ಇದು, ಮಕ್ಕಳ ಸಂಖ್ಯೆ ಕಡಿಮೆ ಎಂಬುದಲ್ಲ.

ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ವರು ಇದ್ದಾರೆ ಎಂದಿದ್ದೀರಿ. ಅಲ್ಲಿ ಏಳು ತರಗತಿಗಳಿವೆ. ಆರು, ಏಳಕ್ಕೆ ವಿಜ್ಞಾನ-ಗಣಿತ, ಸಮಾಜ, ಭಾಷೆ ಎಂದು ವಿಷಯವಾರು ಶಿಕ್ಷಕರು ಬೇಕು. ನಾಲ್ವರಲ್ಲಿ ಯಾರಾದರೂ ನಿಯೋಜನೆಯ ಮೇಲೆ ಬೇರೆಡೆ ಇದ್ದಾರೆಯೇ, ಅತಿಥಿ ಶಿಕ್ಷಕರು ಎಷ್ಟು ಜನ ಎಂದು ಕೇಳಿ. ಸಾಮಾನ್ಯವಾಗಿ ಇಂಥ ಕಡೆ ದೊಡ್ಡ ತರಗತಿಗಳಿಗೆ ಶಿಕ್ಷಕರನ್ನು ಹೊಂದಿಸಿ, ಉಳಿದ ಒಬ್ಬರಿಗೆ ಒಂದು, ಎರಡು, ಮೂರನ್ನು ಒಟ್ಟಿಗೆ ಕೊಡುತ್ತಾರೆ. 104 ಮಕ್ಕಳಲ್ಲಿ ಆ ಮೂರು ತರಗತಿಗಳವರೇ ನಲವತ್ತರ ಹತ್ತಿರ ಇರಬಹುದು. ನಿಮ್ಮೂರಿನಲ್ಲಿ ಅದೇ ಮೂರು ತರಗತಿಗಳಿಗೆ ಹತ್ತು ಹನ್ನೊಂದು ಮಕ್ಕಳು. ಸಣ್ಣ ಶಾಲೆಯಲ್ಲಿ ಎಲ್ಲ ತರಗತಿಗಳನ್ನೂ ಒಟ್ಟಿಗೆ ಕೂರಿಸುತ್ತಾರೆ ಎಂಬ ಹೆದರಿಕೆಯಿಂದ ಎರಡು ಕಿಲೋಮೀಟರ್ ನಡೆಸಿಕೊಂಡು ಹೋದರೆ, ಅಲ್ಲಿಯೂ ನಿಮ್ಮ ಮಗಳು ಕೂರುವುದು ಒಟ್ಟು ಕೂರಿಸಿದ ಕೊಠಡಿಯಲ್ಲೇ, ನಾಲ್ಕು ಪಟ್ಟು ಮಕ್ಕಳ ನಡುವೆ.

ಹೀಗೆ ಕೂರಿಸುವುದು ಬಡತನದ ಉಪಾಯವಲ್ಲ, ಅದು ನಲಿಕಲಿಯ ಪದ್ಧತಿ. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗವನ್ನು ನೋಡಿ ಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಇದನ್ನು ಆರಂಭಿಸಿದರು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಏಣಿ ಮಾಡಿದ್ದಾರೆ. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ ಕೂರುತ್ತಾರೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು ಒಂದು ಕಡೆ, ಗೆಳೆಯರ ನೆರವಿನಿಂದ ಕಲಿಯುವವರು ಇನ್ನೊಂದು ಕಡೆ, ತಾವೇ ಅಭ್ಯಾಸ ಮಾಡುವವರು ಮತ್ತೊಂದು ಕಡೆ. ಮಗು ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ಜ್ವರ ಬಂದು ಹದಿನೈದು ದಿನ ತಪ್ಪಿದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಹೊರಗಿನಿಂದ ನೋಡಿದರೆ ಗದ್ದಲ, ಆಟ. ಒಳಗೆ ಕುಳಿತು ನೋಡಿದರೆ ಪಾಠ. ಆದರೆ ಈ ಪದ್ಧತಿ ಒಂದನ್ನು ಮಾತ್ರ ಸಹಿಸುವುದಿಲ್ಲ: ಕೊಠಡಿಯಲ್ಲಿ ಶಿಕ್ಷಕರಿಲ್ಲದಿರುವುದನ್ನು. ಶಿಕ್ಷಕರು ಕಚೇರಿ ಕೆಲಸದಲ್ಲಿದ್ದರೆ ನಲಿಕಲಿ ನಿಜವಾಗಿಯೂ ಬರೀ ಆಟವೇ. ನಿಮ್ಮೂರಿನವರ ಮಾತು ಪದ್ಧತಿಯ ಬಗ್ಗೆ ಸುಳ್ಳು, ಕೆಲವು ಕೊಠಡಿಗಳ ಬಗ್ಗೆ ನಿಜ.

ಹೋಗಿ ನೋಡಿದಾಗ ಏನು ನೋಡಬೇಕು?

ಆಗಸ್ಟ್ 15ಕ್ಕೋ ವಾರ್ಷಿಕೋತ್ಸವಕ್ಕೋ ಹೋಗಬೇಡಿ. ಮಂಗಳವಾರವೋ ಬುಧವಾರವೋ, ಪ್ರಾರ್ಥನೆ ಮುಗಿದು ಅರ್ಧ ಗಂಟೆ ಕಳೆದ ಮೇಲೆ ಹೋಗಿ. ಮುಖ್ಯ ಶಿಕ್ಷಕರ ಅನುಮತಿ ಕೇಳಿ ನಲಿಕಲಿ ಕೊಠಡಿಯಲ್ಲಿ ಒಂದು ಮೂಲೆಯಲ್ಲಿ ಕುಳಿತುಬಿಡಿ.

ಮೊದಲು ಕಾರ್ಡುಗಳನ್ನು ಕೈಗೆ ತೆಗೆದುಕೊಳ್ಳಿ. ಮೂಲೆ ಮಡಚಿ, ಅಂಚು ಸವೆದು, ಮಕ್ಕಳ ಬೆರಳಿನ ಕೊಳೆ ಅಂಟಿದ್ದರೆ ಒಳ್ಳೆಯ ಲಕ್ಷಣ. ಹೊಸ ನೋಟಿನಂತೆ ಗರಿಗರಿಯಾಗಿದ್ದರೆ ಅವು ಪೆಟ್ಟಿಗೆಯಿಂದ ಹೊರಬಂದದ್ದು ನೀವು ಬರುತ್ತೀರೆಂದು. ಗೋಡೆಯ ಮೇಲೆ ಪ್ರಗತಿ ನೋಟ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ಒಂದೊಂದು ಮಗು ಒಂದೊಂದು ಮೈಲಿಗಲ್ಲಿನಲ್ಲಿರಬೇಕು, ಒಬ್ಬರು ಮುಂದೆ, ಒಬ್ಬರು ಹಿಂದೆ. ಎಲ್ಲ ಮಕ್ಕಳೂ ಒಂದೇ ಮೈಲಿಗಲ್ಲಿಗೆ ಒಂದೇ ಶಾಯಿಯಲ್ಲಿ ಬಂದು ನಿಂತಿದ್ದರೆ ಆ ಪಟ್ಟಿ ತುಂಬಿದ್ದು ಮಕ್ಕಳ ಕಲಿಕೆ ನೋಡಿ ಅಲ್ಲ, ಮೇಲಿನವರ ಭೇಟಿಯ ದಿನ ನೋಡಿ. ನೆಲಮಟ್ಟದ ಕಪ್ಪು ಹಲಗೆಯಲ್ಲಿ ಪ್ರತಿ ಮಗುವಿಗೂ ಒಂದು ಪಾಲು ಇರುತ್ತದೆ. ಅಲ್ಲಿ ಮಕ್ಕಳ ವಕ್ರ ಅಕ್ಷರ ಇದೆಯೋ, ಶಿಕ್ಷಕರ ಮುದ್ದಾದ ಅಕ್ಷರ ಇದೆಯೋ ಗಮನಿಸಿ.

ಆಮೇಲೆ ಮೂರನೇ ತರಗತಿಯ ಒಂದಿಬ್ಬರನ್ನು ಮಾತನಾಡಿಸಿ. ಒಂದನೇ ತರಗತಿಯವರನ್ನಲ್ಲ, ಏಕೆಂದರೆ ಅವರಿಗೆ ಗೊತ್ತಿರುವುದು ಅಂಗನವಾಡಿಯ, ಮನೆಯ ಫಲ. ಮೂರನೆಯವರಿಗೆ ಗೊತ್ತಿರುವುದು ಈ ಶಾಲೆಯ ಫಲ. ಪಠ್ಯಪುಸ್ತಕ ಕೊಟ್ಟು ಓದಿಸಬೇಡಿ, ಮೊದಲ ಪಾಠ ಎಲ್ಲರಿಗೂ ಬಾಯಿಪಾಠ. ಗ್ರಂಥಾಲಯದ ಒಂದು ಕಥೆಪುಸ್ತಕ ಕೊಡಿ. ಪುಸ್ತಕಗಳು ಹಗ್ಗದ ಮೇಲೆ ತೂಗುತ್ತಿವೆಯೋ, ಬೀರುವಿನೊಳಗೆ ಬೀಗ ಹಾಕಿಕೊಂಡಿವೆಯೋ ಎಂಬುದೂ ಆಗಲೇ ತಿಳಿಯುತ್ತದೆ. ಒತ್ತಕ್ಷರ ಇರುವ ನಾಲ್ಕು ಸಾಲು ಓದಿ, ಏನಾಯಿತು ಎಂದು ತನ್ನ ಮಾತಿನಲ್ಲಿ ಹೇಳಿದರೆ ಸಾಕು. ಜೊತೆಗೆ ದಶಕದಿಂದ ಕಡ ತರುವ ಒಂದು ಕಳೆಯುವ ಲೆಕ್ಕ, 52ರಿಂದ 27 ಕಳೆ ಎಂಬಂಥದ್ದು. ಹತ್ತು ನಿಮಿಷದ ಈ ಕೆಲಸ ನನ್ನ ಅನುಭವದಲ್ಲಿ ಯಾವ ಪ್ರಶಸ್ತಿ ಫಲಕಕ್ಕಿಂತಲೂ ಹೆಚ್ಚು ಹೇಳುತ್ತದೆ.

ನೋಟ್‌ಬುಕ್ಕುಗಳನ್ನೂ ತಿರುವಿ ಹಾಕಿ. ಪೋಷಕರು ದುಂಡಗಿನ ಅಕ್ಷರ ಕಂಡು ಮೆಚ್ಚುತ್ತಾರೆ. ಪುಟಗಟ್ಟಲೆ ಒಂದೇ ಒಂದು ತಪ್ಪಿಲ್ಲದ ದುಂಡಗಿನ ಅಕ್ಷರ ಇದ್ದರೆ ಅದು ಹಲಗೆಯಿಂದ ನಕಲು ಮಾಡಿದ್ದು. 'ನಾನು ಅಜಿ ಮನೆಗೆ ಹೊದೆ' ಎಂದು ಮಗು ತಾನೇ ಬರೆದು, ಶಿಕ್ಷಕಿ ಕೆಂಪು ಶಾಯಿಯಲ್ಲಿ ತಿದ್ದಿ, ಮಗು ಕೆಳಗೆ ಮತ್ತೆ ಸರಿಯಾಗಿ ಬರೆದಿದ್ದರೆ ಆ ಕೊಠಡಿಗೆ ನಿಮ್ಮ ಮಗಳನ್ನು ನಿಶ್ಚಿಂತೆಯಿಂದ ಕಳಿಸಬಹುದು.

ಇಂಗ್ಲಿಷ್ ಮಾಧ್ಯಮದ ಮಾತು

ಯಜಮಾನರ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೆಂಗಳೂರಿನಲ್ಲಿ ದುಡಿದು ಬಂದವರಿಗೆ ಇಂಗ್ಲಿಷ್ ಬಾರದಿದ್ದರೆ ಏನಾಗುತ್ತದೆ ಎಂಬುದು ಯಾರೂ ಹೇಳಿಕೊಡದೆಯೇ ಗೊತ್ತು. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದಾಗ ಪೋಷಕರು ಸಾಲುಗಟ್ಟಿ ನಿಂತದ್ದು ಸುಮ್ಮನೆ ಅಲ್ಲ.

ಆದರೆ ಇಂಗ್ಲಿಷ್ ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿ ಗಣಿತ ಕಲಿಯುವುದು ಬೇರೆ. ಆ ವಿಭಾಗಗಳಿಗೆ ಪಾಠ ಮಾಡುವವರು ಸಾಮಾನ್ಯವಾಗಿ ಕನ್ನಡ ಮಾಧ್ಯಮದಲ್ಲೇ ಓದಿ, ಕನ್ನಡ ಮಾಧ್ಯಮಕ್ಕೇ ನೇಮಕವಾಗಿ, ಮೇಲೆ ಒಂದು ಸಣ್ಣ ತರಬೇತಿ ಪಡೆದವರು. ಶ್ರದ್ಧೆಯಿಂದ ಮಾಡುವವರು ಇದ್ದಾರೆ, ಅವರನ್ನು ಕಂಡಿದ್ದೇನೆ. ಪಠ್ಯಪುಸ್ತಕವನ್ನು ಎರಡೂ ಭಾಷೆಗಳಲ್ಲಿ ಅಚ್ಚು ಹಾಕಿಸಿದ್ದೂ ಈ ಕಷ್ಟ ಗೊತ್ತಿದ್ದೇ. ಹಾಗಿದ್ದರೂ ಮನೆಯಲ್ಲಿ ಇಂಗ್ಲಿಷ್ ಮಾತಿಲ್ಲದ ಆರು ವರ್ಷದ ಮಗು ಒಮ್ಮೆಗೇ ಹೊಸ ಭಾಷೆ, ಹೊಸ ಲಿಪಿ, ಹೊಸ ವಿಷಯ ಮೂರನ್ನೂ ಹೊರಬೇಕಾಗುತ್ತದೆ. ಇಂಥ ಕೊಠಡಿಗಳಲ್ಲಿ ಮಕ್ಕಳು ಹಲಗೆಯ ಮೇಲಿದ್ದದ್ದನ್ನು ಅಂದವಾಗಿ ಇಳಿಸಿಕೊಳ್ಳುವುದನ್ನು, ಅದರರ್ಥ ಕೇಳಿದರೆ ನೆಲ ನೋಡುವುದನ್ನು ನಾನು ಬಹಳ ನೋಡಿದ್ದೇನೆ. ಕನ್ನಡದಲ್ಲಿ ಗಟ್ಟಿಯಾಗಿ ಓದಲು ಬಂದ ಮಗುವಿಗೆ ಇಂಗ್ಲಿಷ್ ಓದು ಬೇಗ ಹತ್ತುತ್ತದೆ. ಎರಡರಲ್ಲೂ ಅರ್ಧಂಬರ್ಧವಾದ ಮಗುವನ್ನು ಐದನೇ ತರಗತಿಯಲ್ಲಿ ಮೇಲೆತ್ತುವುದು ಶಿಕ್ಷಕರಿಗೆ ಅತ್ಯಂತ ಕಷ್ಟದ ಕೆಲಸ.

ಇನ್ನೊಂದು ವ್ಯಾವಹಾರಿಕ ಸಂಗತಿಯನ್ನು ಮನೆಯಲ್ಲಿ ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ವೃತ್ತಿ ಶಿಕ್ಷಣದ ಸಿಇಟಿ ಸೀಟುಗಳಲ್ಲಿ ಕನ್ನಡ ಮಾಧ್ಯಮದವರಿಗೆ ಶೇಕಡಾ 5, ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15 ಮೀಸಲಾತಿ ಇದೆ. ರಾಜ್ಯ ಸರ್ಕಾರಿ ಹುದ್ದೆಗಳಲ್ಲೂ ಕನ್ನಡ ಮಾಧ್ಯಮದ, ಗ್ರಾಮೀಣ ಮೀಸಲಾತಿಗಳಿವೆ. ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ಒಂದರಿಂದ ಹತ್ತನೆಯವರೆಗೆ ಕನ್ನಡದಲ್ಲೇ ಓದಿರಬೇಕು. ಆರು ವರ್ಷದ ಮಗುವಿಗೆ ಸಿಇಟಿಯ ಮಾತೇಕೆ ಎನ್ನಬೇಡಿ, ಒಂದನೇ ತರಗತಿಯಲ್ಲಿ ಇಡುವ ಹೆಜ್ಜೆಯಿಂದಲೇ ಆ ಬಾಗಿಲು ಮುಚ್ಚುತ್ತದೆ. ಹಾಗೆಂದು ಬರೀ ಐದು ಶೇಕಡಾಕ್ಕಾಗಿ ಮಾಧ್ಯಮ ಆರಿಸಬೇಕು ಎಂದು ನಾನು ಹೇಳುತ್ತಿಲ್ಲ. ಗ್ರಾಮೀಣ ಮೀಸಲಾತಿಯ ವಿಷಯದಲ್ಲಿ, ಆ ಹೋಬಳಿ ಕೇಂದ್ರ ಇನ್ನೂ ಗ್ರಾಮ ಪಂಚಾಯಿತಿಯೋ, ಪಟ್ಟಣ ಪಂಚಾಯಿತಿ ಆಗಿಬಿಟ್ಟಿದೆಯೋ ವಿಚಾರಿಸಿ. ಪಟ್ಟಣ ಪಂಚಾಯಿತಿ ಗ್ರಾಮೀಣದ ಲೆಕ್ಕಕ್ಕೆ ಬರುವುದಿಲ್ಲ.

ಶಾಲೆ ಮುಚ್ಚುವ ಸುದ್ದಿಗೆ ಬರೋಣ. ಕೆಪಿಎಸ್ ಹೆಚ್ಚಿಸುವ ಮಾತು ಬಂದಾಗಲೆಲ್ಲ, ಶಿಕ್ಷಕರ ಮರುಹಂಚಿಕೆಯ ಆದೇಶ ಹೊರಟಾಗಲೆಲ್ಲ ಈ ಗುಲ್ಲು ಏಳುತ್ತದೆ. 19 ಮಕ್ಕಳಿರುವ ಶಾಲೆಯನ್ನು ರಾತ್ರೋರಾತ್ರಿ ಮುಚ್ಚುವುದು ಸುಲಭವಲ್ಲ, ಮನೆಯಿಂದ ಒಂದು ಕಿಲೋಮೀಟರ್ ಒಳಗೆ ಐದನೆಯವರೆಗಿನ ಶಾಲೆ ಇರಬೇಕೆಂಬ ನಿಯಮವಿದೆ. ನಿಜವಾಗಿ ನಡೆಯುವುದು ಬೇರೆ. ಗುಲ್ಲಿಗೆ ಹೆದರಿ ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ, ಸಂಖ್ಯೆ ಇಳಿಯುತ್ತದೆ, ಒಬ್ಬ ಶಿಕ್ಷಕರು ಹೆಚ್ಚುವರಿ ಎನಿಸಿ ಬೇರೆಡೆಗೆ ಹೋಗುತ್ತಾರೆ, ಏಕೋಪಾಧ್ಯಾಯ ಶಾಲೆಯಾಯಿತೆಂದು ಉಳಿದವರೂ ಬಿಡಿಸುತ್ತಾರೆ. ಕೊನೆಗೆ ದಾಖಲಾತಿ ಸೊನ್ನೆಗೆ ಬಂದು ಬೀಗ ಬೀಳುತ್ತದೆ. ನೀವು ಕೇಳಬೇಕಾದ ಪ್ರಶ್ನೆ ಶಾಲೆ ಮುಚ್ಚುತ್ತದೆಯೇ ಎಂಬುದಲ್ಲ. ಈ ವರ್ಷ ಒಂದನೇ ತರಗತಿಗೆ ಎಷ್ಟು ಮಕ್ಕಳು ಬರುತ್ತಿದ್ದಾರೆ, ಇಬ್ಬರು ಶಿಕ್ಷಕರೂ ಖಾಯಂ ಆಗಿ ಇದೇ ಶಾಲೆಯವರೇ, ಅವರಲ್ಲಿ ಯಾರಾದರೂ ವರ್ಗಾವಣೆಗೆ ಅರ್ಜಿ ಹಾಕಿದ್ದಾರೆಯೇ ಎಂಬುದು. ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಮುಂದಿನ ಎರಡು ವರ್ಷ ಶಾಲೆಗೆ ಬರುವ ಮಕ್ಕಳ ಹೆಸರನ್ನೇ ಹೇಳಿಬಿಡುತ್ತಾರೆ.

ಈಗ ಆಯ್ಕೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಊರ ಶಾಲೆಯಿಂದಲೇ ಶುರು ಮಾಡುತ್ತೇನೆ, ಎರಡು ಷರತ್ತುಗಳ ಮೇಲೆ: ಇಬ್ಬರೂ ಶಿಕ್ಷಕರು ಅಲ್ಲೇ ಉಳಿಯುವ ಲಕ್ಷಣವಿರಬೇಕು, ಮೂರನೇ ತರಗತಿಯ ಮಕ್ಕಳು ಓದಬೇಕು. ಎರಡೂ ಇದ್ದರೆ ಹತ್ತು ಮಕ್ಕಳ ನಡುವೆ ಕೂರುವ ಅವಕಾಶ ಯಾವ ದುಬಾರಿ ಖಾಸಗಿ ಶಾಲೆಯಲ್ಲೂ ಸಿಗುವುದಿಲ್ಲ. ಅಪಾಯವೂ ಇದೆ. ಓರಗೆಯ ಹೆಣ್ಣುಮಕ್ಕಳು ಒಬ್ಬರೋ ಇಬ್ಬರೋ ಇರುತ್ತಾರೆ, ಒಬ್ಬರೊಡನೆ ಮುನಿಸಿಕೊಂಡರೆ ಆಡಲು ಇನ್ನೊಬ್ಬರಿಲ್ಲ. ಓದಿನಲ್ಲಿ ಪೈಪೋಟಿ ಕೊಡುವವರು ಕಡಿಮೆ. ನಡುವೆ ಒಬ್ಬ ಶಿಕ್ಷಕರು ಹೋಗಿಬಿಟ್ಟರೆ ಎಲ್ಲವೂ ತಲೆಕೆಳಗು.

ಷರತ್ತುಗಳಲ್ಲಿ ಒಂದು ತಪ್ಪಿದರೂ ಹಿರಿಯ ಪ್ರಾಥಮಿಕ ಶಾಲೆಯ ನಲಿಕಲಿ ಕೊಠಡಿಯನ್ನು ನೋಡಿ. ಅಲ್ಲಿನ ಶಿಕ್ಷಕಿ ಒಳ್ಳೆಯವರಾಗಿದ್ದರೆ ಏಳನೆಯವರೆಗೆ ಚಿಂತೆಯಿಲ್ಲ. ಎರಡು ಕಿಲೋಮೀಟರ್ ದಾರಿಯಲ್ಲಿ ಹೆದ್ದಾರಿ ದಾಟಬೇಕೇ, ಮಳೆಗಾಲದಲ್ಲಿ ಹಳ್ಳ ತುಂಬುತ್ತದೆಯೇ, ಜೊತೆಗೆ ಹೋಗುವ ದೊಡ್ಡ ಮಕ್ಕಳಿದ್ದಾರೆಯೇ ಎಂಬುದು ನಿಮಗೇ ಚೆನ್ನಾಗಿ ಗೊತ್ತು.

ಕೆಪಿಎಸ್ ಅನ್ನು ಒಂದನೇ ತರಗತಿಗೆ ನಾನು ಕೊನೆಗಿಡುತ್ತೇನೆ. ಶಕ್ತಿ ಯೋಜನೆಯಿಂದ ಹೆಣ್ಣುಮಗುವಿಗೆ ಬಸ್ಸಿನ ಖರ್ಚಿಲ್ಲ ನಿಜ, ಆದರೆ ಬೆಳಿಗ್ಗೆ ಬಸ್ಸಿಗೆ ಕಾಯುವುದು, ಸಂಜೆ ತುಂಬಿದ ಬಸ್ಸಿನಲ್ಲಿ ನಿಂತು ಬರುವುದು ಆರು ವರ್ಷದ ಮೈಗೆ ಹೊರೆ. ಅಂಥ ಮಕ್ಕಳ ಹಾಜರಾತಿ ಮಳೆಗಾಲದಲ್ಲಿ ಬೀಳುತ್ತದೆ, ಮತ್ತು ಮೊದಲ ಎರಡು ವರ್ಷಗಳಲ್ಲಿ ಹಾಜರಾತಿಗಿಂತ ದೊಡ್ಡ ಪಾಠವಿಲ್ಲ. ಮನೆಯಿಂದ ಯಾರಾದರೂ ದಿನವೂ ಹೋಬಳಿಗೆ ಹೋಗಿಬರುವವರಿದ್ದರೆ, ಆ ಇಂಗ್ಲಿಷ್ ವಿಭಾಗದ ಮೂರನೇ ತರಗತಿಯ ಮಗು ಕೂಡ ಮೇಲಿನ ಓದಿನ ಪರೀಕ್ಷೆಯಲ್ಲಿ ಗೆದ್ದರೆ, ಲೆಕ್ಕ ಬದಲಾಗುತ್ತದೆ.

ಹೇಗೂ ಐದನೆಯ ತರಗತಿಯ ಕೊನೆಗೆ ನೀವು ಮತ್ತೊಮ್ಮೆ ಆರಿಸಲೇಬೇಕು, ನಿಮ್ಮೂರ ಶಾಲೆ ಅಲ್ಲಿಗೆ ಮುಗಿಯುತ್ತದೆ. ಆ ಹೊತ್ತಿಗೆ ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ, ಜವಾಹರ ನವೋದಯ ವಿದ್ಯಾಲಯ ಎಲ್ಲವೂ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ನಡೆಸುತ್ತವೆ. ಆದರ್ಶ ವಿದ್ಯಾಲಯ ಇಂಗ್ಲಿಷ್ ಮಾಧ್ಯಮದ್ದೇ. ನವೋದಯದ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಅಲ್ಲಿ ಕನಿಷ್ಠ ಶೇಕಡಾ 75 ಸೀಟು ಗ್ರಾಮೀಣ ಮಕ್ಕಳಿಗೆ, ಅದಕ್ಕೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಯಜಮಾನರಿಗೆ ಇದನ್ನು ತಿಳಿಸಿ. ಇಂಗ್ಲಿಷಿನ ದಾರಿ ಒಂದನೇ ತರಗತಿಯಲ್ಲಿ ಮಾತ್ರ ತೆರೆದಿರುವುದಲ್ಲ.

ನಡುವೆ ಶಾಲೆ ಬದಲಿಸಬೇಕಾಗಿ ಬಂದರೂ ಹೆದರಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನ ಪ್ರಕಾರ ವರ್ಗಾವಣೆ ಪತ್ರವನ್ನು ಮುಖ್ಯ ಶಿಕ್ಷಕರು ಕೂಡಲೇ ಕೊಡಬೇಕು. ಟಿಸಿ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ.

ಕೊನೆಗೆ ನಿಮ್ಮ ಅಳುಕು. ಕೇಳಿದರೆ ಶಿಕ್ಷಕರು ಬೇಸರಪಡುತ್ತಾರೆಯೇ? ಕೆಲವರು ಪಡುತ್ತಾರೆ. 'ನಿಮ್ಮ ಶಾಲೆ ಚೆನ್ನಾಗಿದೆಯೇ' ಎಂದು ಕೇಳಿದರೆ ನನಗೂ ಬೇಸರವಾಗುತ್ತಿತ್ತು. 'ಮಗಳನ್ನು ಇಲ್ಲಿಗೇ ಸೇರಿಸಬೇಕೆಂದಿದ್ದೇನೆ, ಒಂದನೇ ತರಗತಿ ಯಾರು ತೆಗೆದುಕೊಳ್ಳುತ್ತಾರೆ, ಒಂದು ಗಂಟೆ ಕುಳಿತು ನೋಡಬಹುದೇ' ಎಂದು ಕೇಳಿ. ದಾಖಲಾತಿಗಾಗಿ ಮೇ ತಿಂಗಳ ಬಿಸಿಲಲ್ಲಿ ಮನೆಮನೆ ಅಲೆಯುವ ಶಿಕ್ಷಕರಿಗೆ ತಾನಾಗಿ ಬಾಗಿಲಿಗೆ ಬಂದ ತಾಯಿಯನ್ನು ಕಂಡರೆ ಕುರ್ಚಿ ಎಳೆದು ಹಾಕುವಷ್ಟು ಸಂತೋಷವಾಗುತ್ತದೆ. ಮಗಳು ಸೇರಿದ ಮೇಲೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಸದಸ್ಯೆಯಾಗಿ. ಎಸ್‌ಡಿಎಂಸಿಯಲ್ಲಿ ಪೋಷಕರದೇ ಬಹುಮತ, ಅಧ್ಯಕ್ಷರೂ ಪೋಷಕರೇ, ಮುಖ್ಯ ಶಿಕ್ಷಕರು ಕಾರ್ಯದರ್ಶಿ ಮಾತ್ರ. ಶಿಕ್ಷಕರನ್ನು ಬೇರೆಡೆಗೆ ನಿಯೋಜಿಸಿದಾಗ ಬಿಇಒ ಅವರಿಗೆ ಅರ್ಜಿ ಕೊಡಲು ನಿಮಗೆ ಆಗ ಯಾರ ಮರ್ಜಿಯೂ ಬೇಕಾಗುವುದಿಲ್ಲ. ಇನ್ನು, ಎಷ್ಟು ಹೊತ್ತು ಕುಳಿತರೂ ಕೊಠಡಿಯ ಒಳಗೆ ಬಿಡದ ಶಾಲೆ ಈ ಮೂರರಲ್ಲಿ ಯಾವುದಾದರೂ ಇದ್ದರೆ, ಅದನ್ನು ಪಟ್ಟಿಯಿಂದ ತೆಗೆದುಹಾಕಲು ಬೇರೆ ಕಾರಣ ಹುಡುಕಬೇಡಿ.